ನಾಲ್ಕು ಔಷಧಿ, ಇಳೀದ ಬಿಪಿ, ಮತ್ತೆ ಪೊಟ್ಯಾಸಿಯಂ 2.9: ಒಂದು ಪ್ರಕರಣ ಅಧ್ಯಯನ

ಈ ಕೇಸಲ್ಲಿ ಇರೋರು ನಲವತ್ತು ದಾಟಿದ ಒಬ್ರು ಹೆಂಗಸು. ಗುರುತು ಸಿಗಬಾರ್ದು ಅಂತ ಕೆಲಸ, ಮನೆ, ಯಾರ್ಯಾರ ಹತ್ರ ತೋರ್ಸಿದ್ರು ಅನ್ನೋದನ್ನೆಲ್ಲ ತೆಗೆದುಬಿಟ್ಟಿದೀನಿ, ಲ್ಯಾಬ್ ನಂಬರ್‌ಗಳನ್ನೂ ಸ್ವಲ್ಪ ಆಚೀಚೆ ಮಾಡಿದೀನಿ. ಆದ್ರೆ ಯಾವ ನಿರ್ಧಾರ ಯಾವುದರ ಹಿಂದೆ ಬಂತು ಅನ್ನೋ ಕ್ರಮ ಹಾಗೇ ಇದೆ, ಯಾಕಂದ್ರೆ ಈ ಕೇಸಲ್ಲಿ ಕಲಿಯೋಕೆ ಇರೋದೆಲ್ಲ ಆ ಕ್ರಮದಲ್ಲೇ ಇದೆ.

ಹಿನ್ನೆಲೆ

ಅವ್ರಿಗೆ ಬಿಪಿ ಇದೆ ಅಂತ ಗೊತ್ತಾಗಿದ್ದು ಮೂವತ್ತರ ಕೊನೇಲಿ, ಬೇರೆ ಯಾವುದಕ್ಕೋ ಚೆಕಪ್ ಮಾಡ್ಸಿದಾಗ. ತಾಯಿಗೂ ಬಿಪಿ ಇತ್ತು, ಹಂಗಾಗಿ ವಂಶದಿಂದ ಬಂದಿದ್ದು ಅಂತ ಎಲ್ರೂ ಒಪ್ಕೊಂಡ್ರು, ಬೇರೆ ಕಾರಣ ಹುಡುಕೋ ಪ್ರಶ್ನೆ ಯಾರ ತಲೇಲೂ ಬರ್ಲಿಲ್ಲ. ಅಮ್ಲೋಡಿಪಿನ್ 5 ಎಂಜಿ ಶುರು ಮಾಡಿದ್ರು. ಒಳ್ಳೇ ಔಷಧಿ, ನಾನಾದ್ರೂ ಅದನ್ನೇ ಕೊಡ್ತಿದ್ದೆ. ಸ್ವಲ್ಪ ದಿನ ಇಳೀತು, ಮತ್ತೆ ಏರ್ತು, 10 ಎಂಜಿ ಆಯ್ತು. ಅಲ್ಲಿಂದ ಕಥೆ ಬೇರೆ ದಾರಿ ಹಿಡೀತು.

10 ಎಂಜಿ ಆದ್ಮೇಲೆ ಪಾದದ ಗಂಟಿನ ಹತ್ರ ಊತ ಬಂತು, ಸಂಜೆ ಹೊತ್ತಿಗೆ ಚಪ್ಪಲಿ ಹಾಕೋಕಾಗ್ತಿರ್ಲಿಲ್ಲ. ಊತ ಅಂದ್ರೆ ನೀರು, ನೀರು ಅಂದ್ರೆ ನೀರು ಇಳಿಸೋ ಮಾತ್ರೆ, ಫ್ಯುರೋಸೆಮೈಡ್ ಬಂತು. ಊತ ಅಷ್ಟಕ್ಕಷ್ಟೇ. ಬಿಪಿನೂ ಇಳೀಲಿಲ್ಲ ಅಂತ ಟೆಲ್ಮಿಸಾರ್ಟನ್ ಸೇರಿಸಿದ್ರು, ಆಗ ಊತ ಸುಮಾರು ಅರ್ಧ ಇಳೀತು, ಆದ್ರೆ ಅದರ ಕ್ರೆಡಿಟ್ ಹೋಗಿದ್ದು ಫ್ಯುರೋಸೆಮೈಡ್‌ಗೆ, ಹಂಗಾಗಿ ಅದು ಲಿಸ್ಟಲ್ಲಿ ಖಾಯಂ ಆಯ್ತು. ಆಮೇಲೆ ಎದೆ ಡವಡವ, ಇಸಿಜಿಲಿ ಮಧ್ಯೆ ಮಧ್ಯೆ ಎಕ್ಟೋಪಿಕ್ ಬೀಟ್ (ತಾಳ ತಪ್ಪಿ ಬರೋ ಬಡಿತ), ಅದಕ್ಕೆ ಮೆಟೊಪ್ರೊಲಾಲ್. ರಾತ್ರಿ ಮೀನಖಂಡ ಹಿಡ್ಕೊಳ್ಳೋದು, ಮೂತ್ರಕ್ಕೆ ಎದ್ದು ಎದ್ದು ಹೋಗೋದು. ರಕ್ತ ಟೆಸ್ಟ್ ಮಾಡಿಸಿದ್ರೆ ಪೊಟ್ಯಾಸಿಯಂ 2.9, ಅಂದ್ರೆ ತುಂಬಾ ಕಮ್ಮಿ, ಅದಕ್ಕೊಂದು ಪೊಟ್ಯಾಸಿಯಂ ಸಿರಪ್. ಒಬ್ರು ಡಾಕ್ಟ್ರು ಅನುಮಾನ ಬಂದು ಅಲ್ಡೋಸ್ಟಿರೋನ್-ರೆನಿನ್ ರೇಶಿಯೋ ಕೂಡ ಕಳ್ಸಿದ್ರು (ಅಲ್ಡೋಸ್ಟಿರೋನ್ ಅಂದ್ರೆ ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿಯ ಹಾರ್ಮೋನ್, ಉಪ್ಪು ಹಿಡಿದಿಟ್ಟು ಪೊಟ್ಯಾಸಿಯಂನ ಮೂತ್ರಕ್ಕೆ ಹಾಕ್ಸುತ್ತೆ; ಅದನ್ನ ಬಿಡು ಅಂತ ಕಿಡ್ನಿ ಕಡೆಯಿಂದ ಹೋಗೋ ಸಂಕೇತ ರೆನಿನ್), ಅದು ನಾರ್ಮಲ್ ಅಂತ ಬಂತು, ಫೈಲ್ ಮುಚ್ಚಿಹೋಯ್ತು.

ಇದರಲ್ಲಿ ಒಂದೊಂದು ಹೆಜ್ಜೆನ ಬಿಡಿ ಬಿಡಿಯಾಗಿ ನೋಡಿದ್ರೆ ಯಾವುದಕ್ಕೂ ಬೆರಳು ತೋರ್ಸೋಕಾಗಲ್ಲ, ಓಪಿಡಿಲಿ ಹತ್ತು ನಿಮಿಷ ಸಿಗೋ ಯಾವ ಡಾಕ್ಟ್ರಾದ್ರೂ ಹೀಗೇ ಮಾಡಬಹುದು. ಒಟ್ಟಿಗೆ ಇಟ್ಟು ನೋಡಿದಾಗಲೇ ಒಂದು ಔಷಧಿಯ ಬಾಲ ಹಿಡ್ಕೊಂಡು ಇನ್ನೊಂದು ಬಂದಿರೋದು ಕಾಣೋದು.

ನಮ್ಮ ಹತ್ರ ಬಂದಾಗ ಬಿಪಿ 172/104. ಲೆಟರ್‌ನಲ್ಲಿ ಇದ್ದಿದ್ದು ಒಂದೇ ಪ್ರಶ್ನೆ: ಐದನೇ ಔಷಧಿಯಾಗಿ ಮಿನಾಕ್ಸಿಡಿಲ್ ಶುರು ಮಾಡಬಹುದಾ?

ನಾಳದ ಗೋಡೆ ಒಳಗೆ

ಇಲ್ಲಿ ಸ್ವಲ್ಪ ನಿಂತು ರಕ್ತನಾಳದ ಗೋಡೆಲಿ ಏನು ನಡೀತಿರುತ್ತೆ ಅಂತ ನೋಡ್ಬೇಕು, ಇಲ್ದಿದ್ರೆ ಮುಂದಿನ ನಿರ್ಧಾರಗಳ ತಲೆಬುಡ ಗೊತ್ತಾಗಲ್ಲ. ಬಿಪಿನ ಹಿಡಿದಿಡೋದು ದೊಡ್ಡ ಅಪಧಮನಿಗಳಿಗಿಂತ ಹೆಚ್ಚಾಗಿ ಅರ್ಧ ಮಿಲಿಮೀಟರೂ ಇಲ್ಲದ ಸಣ್ಣ ಅಪಧಮನಿಗಳು. ಅಲ್ಲಿ ತಡೆ ಅನ್ನೋದು ತ್ರಿಜ್ಯದ ನಾಲ್ಕನೇ ಘಾತಕ್ಕೆ ಉಲ್ಟಾ ಓಡುತ್ತೆ, ಅಂದ್ರೆ ತ್ರಿಜ್ಯ 10 ಪರ್ಸೆಂಟ್ ಕಮ್ಮಿ ಆದ್ರೆ ತಡೆ 50 ಪರ್ಸೆಂಟ್‌ಗೂ ಜಾಸ್ತಿ ಏರುತ್ತೆ. ಈ ತ್ರಿಜ್ಯ ತೀರ್ಮಾನ ಮಾಡೋದು ಗೋಡೆಲಿ ಸುತ್ತ ಸುತ್ಕೊಂಡಿರೋ ಸ್ಮೂತ್ ಮಸಲ್ ಸೆಲ್‌ಗಳು. ಒಳಗಿನ ಒತ್ತಡ ಏರಿದ್ರೆ ಈ ನಾಳಗಳು ಹಿಗ್ಗೋ ಬದ್ಲು ತಾವಾಗೇ ಬಿಗಿ ಆಗ್ತವೆ, ಇದನ್ನ ವಿಲಿಯಂ ಬೇಲಿಸ್ 1902ರಲ್ಲೇ ಬರೆದಿದ್ರು, ಹೇಗೆ ಅಂತ ವಿವರಿಸೋಕೆ, ಪೊಟ್ಯಾಸಿಯಂ ಕ್ಯಾಲ್ಸಿಯಂ ತರದ ಕಣಗಳನ್ನ ಸೆಲ್ ಒಳಗೆ ಹೊರಗೆ ಬಿಡೋ ಬಾಗಿಲುಗಳಾದ ಅಯಾನ್ ಚಾನೆಲ್‌ಗಳು ಗೊತ್ತಾಗೋ ತನಕ ಕಾಯಬೇಕಾಯ್ತು.

ಒತ್ತಡ ಇರೋ ಸಣ್ಣ ನಾಳದಲ್ಲಿ ಸ್ಮೂತ್ ಮಸಲ್ ಸೆಲ್‌ನ ಒಳಗೆ ಹೊರಗಿಗಿಂತ ಸುಮಾರು 40ರಿಂದ 50 ಮಿಲಿವೋಲ್ಟ್ ಮೈನಸ್ ಇರುತ್ತೆ. ಈ ವೋಲ್ಟೇಜ್ ಕೆಲವೇ ಮಿಲಿವೋಲ್ಟ್ ಸೊನ್ನೆ ಕಡೆಗೆ ಜಾರಿದ್ರೆ ಎಲ್-ಟೈಪ್ ಕ್ಯಾಲ್ಸಿಯಂ ಚಾನೆಲ್‌ಗಳು ಜಾಸ್ತಿ ತೆರೀತವೆ, ಕ್ಯಾಲ್ಸಿಯಂ ಒಳಗೆ ಬರುತ್ತೆ, ಸೆಲ್ ಕುಗ್ಗುತ್ತೆ, ನಾಳ ಕಿರಿದಾಗುತ್ತೆ. ಮೈನಸ್ ಕಡೆಗೆ ಜಾರಿದ್ರೆ ಉಲ್ಟಾ. ಆ ಮೈನಸ್ ಕಡೆಗೆ ಎಳೆಯೋ ಕೆಲಸ ಪೊಟ್ಯಾಸಿಯಂ ಚಾನೆಲ್‌ಗಳದ್ದು, ಅವು ತೆರೆದಾಗ ಪೊಟ್ಯಾಸಿಯಂ ಹೊರಗೆ ಹೋಗುತ್ತೆ, ಒಳಗೆ ಮೈನಸ್ ಉಳಿಯುತ್ತೆ. ಅಂದ್ರೆ ನಾಳ ಎಷ್ಟು ಬಿಗಿ ಇರಬೇಕು ಅನ್ನೋದು ಈ ಎರಡು ಗುಂಪಿನ ಜಗ್ಗಾಟದ ಮೇಲೆ ನಿಂತಿದೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಚಂದ ಅನ್ಸೋದು ಬಿಕೆ ಅನ್ನೋ ಪೊಟ್ಯಾಸಿಯಂ ಚಾನೆಲ್. ಸೆಲ್ ಒಳಗಿನ ಕ್ಯಾಲ್ಸಿಯಂ ಗೋದಾಮಿಂದ ಪಟ್ಟನೆ ಒಂದು ಚಿಕ್ಕ ಕಿಡಿ ತರ ಕ್ಯಾಲ್ಸಿಯಂ ಹೊರಬಿದ್ರೆ (ಸ್ಪಾರ್ಕ್ ಅಂತಲೇ ಕರೀತಾರೆ) ಪಕ್ಕದಲ್ಲೇ ಪೊರೆಲಿರೋ ಬಿಕೆ ತೆರೆಯುತ್ತೆ, ಪೊಟ್ಯಾಸಿಯಂ ಹೊರಗೆ ಹೋಗುತ್ತೆ, ವೋಲ್ಟೇಜ್ ಇಳಿಯುತ್ತೆ, ಎಲ್-ಟೈಪ್ ಮುಚ್ಚುತ್ತೆ. ಬಿಗಿ ಮಾಡೋ ಕ್ಯಾಲ್ಸಿಯಂ ತಾನೇ ಬ್ರೇಕೂ ಹಾಕುತ್ತೆ. 1995ರಲ್ಲಿ ಮಾರ್ಕ್ ನೆಲ್ಸನ್ ಗುಂಪು ತೋರ್ಸಿದ್ದು ಇದು. ಆ ಬಿಕೆಯ ಬೀಟಾ-1 ಅನ್ನೋ ಭಾಗ ಇಲ್ಲದ ಹಾಗೆ ಮಾಡಿದ ಇಲಿಗಳಿಗೆ ಬಿಪಿ ಏರುತ್ತೆ ಅಂತ 2000ದಲ್ಲಿ ಗೊತ್ತಾಯ್ತು. ಬ್ರೇಕ್ ಸವೆದ್ರೂ ಬಿಪಿ ಬರಬಹುದು ಅನ್ನೋದು ಮುಂದೆ ಬೇಕಾಗುತ್ತೆ.

ಇನ್ನು ಅಮ್ಲೋಡಿಪಿನ್ ಎಲ್-ಟೈಪ್‌ನ ತಡೆಯೋ ಔಷಧಿ, ಅದೂ ಸೆಲ್ ಎಷ್ಟು ಡಿಪೋಲರೈಸ್ ಆಗಿದ್ಯೋ (ವೋಲ್ಟೇಜ್ ಸೊನ್ನೆ ಕಡೆ ಜಾರಿದ್ಯೋ) ಅಷ್ಟು ಗಟ್ಟಿಯಾಗಿ ಅಂಟ್ಕೊಳ್ಳುತ್ತೆ, ಹೃದಯಕ್ಕಿಂತ ನಾಳದ ಮೇಲೆ ಇದರ ಕೈ ಜೋರಾಗಿರೋಕೆ ಅದೊಂದು ಕಾರಣ. ಆದ್ರೆ ಇದು ತೆರೆಯೋದು ಮುಖ್ಯವಾಗಿ ಕ್ಯಾಪಿಲರಿಗೆ (ಕೂದಲೆಳೆಯಂಥ ನಾಳಕ್ಕೆ) ರಕ್ತ ತರೋ ಕಡೆಯ ನಾಳನ, ರಕ್ತ ವಾಪಸ್ ಒಯ್ಯೋ ಕಡೆ ಅಷ್ಟೊಂದು ತೆರೆಯಲ್ಲ. ಬರೋದು ಜಾಸ್ತಿ, ಹೋಗೋದು ಅಷ್ಟೇ, ಕ್ಯಾಪಿಲರಿಲಿ ಒತ್ತಡ ಏರಿ ನೀರು ಹೊರಗೆ ಜಿನುಗುತ್ತೆ, ಅದೇ ಕಾಲಿನ ಊತ. ಮೈಯಲ್ಲಿ ನೀರು ಜಾಸ್ತಿ ಆಗಿ ಬಂದಿದ್ದಲ್ಲ ಇದು, ಹಂಗಾಗಿ ಫ್ಯುರೋಸೆಮೈಡ್ ಇಲ್ಲಿ ಹೆಚ್ಚು ಕೆಲಸ ಮಾಡಲ್ಲ. ಟೆಲ್ಮಿಸಾರ್ಟನ್ ತರದವು ವಾಪಸ್ ಹೋಗೋ ಕಡೆನೂ ಸ್ವಲ್ಪ ತೆರೆಯೋದ್ರಿಂದ ಊತ ಇಳಿಸ್ತವೆ. ಇವರ ಫೈಲಲ್ಲಿ ತಾರೀಖು ಜೋಡ್ಸಿ ನೋಡಿದ್ರೆ ಊತ ಅರ್ಧ ಆಗಿದ್ದು ಟೆಲ್ಮಿಸಾರ್ಟನ್ ಬಂದ ಮೇಲೇ.

ಐದನೇ ಔಷಧಿ ಬೇಕಾ

ಮಿನಾಕ್ಸಿಡಿಲ್ ಕೂಡ ಚಾನೆಲ್ ಔಷಧಿನೇ, ಸ್ಮೂತ್ ಮಸಲ್‌ನ ಕೆಎಟಿಪಿ ಅನ್ನೋ ಪೊಟ್ಯಾಸಿಯಂ ಚಾನೆಲ್ ತೆರೆದು ವೋಲ್ಟೇಜ್‌ನ ಮೈನಸ್ ಕಡೆ ಎಳೆಯುತ್ತೆ. ಬಿಪಿ ಇಳಿಸೋದ್ರಲ್ಲಿ ಬಲವಾದ ಔಷಧಿ, ಅನುಮಾನ ಇಲ್ಲ. ಆದ್ರೆ ನಾಳ ಹಠಾತ್ತಾಗಿ ತೆರೆದಾಗ ದೇಹ ಸುಮ್ನಿರಲ್ಲ, ಹೃದಯ ಜೋರಾಗಿ ಬಡಿಯುತ್ತೆ, ಕಿಡ್ನಿ ಉಪ್ಪು-ನೀರು ಹಿಡ್ಕೊಳ್ಳುತ್ತೆ, ಹಂಗಾಗಿ ಬೀಟಾ ಬ್ಲಾಕರ್ (ಮೆಟೊಪ್ರೊಲಾಲ್ ತರದ್ದು) ಮತ್ತೆ ಲೂಪ್ ಡೈಯುರೆಟಿಕ್ (ಫ್ಯುರೋಸೆಮೈಡ್ ತರದ್ದು) ಜೊತೇಲಿ ಇರಲೇಬೇಕು. ಮೈಮೇಲೆ, ಮುಖದ ಮೇಲೆ ಕೂದಲು ಬೇರೆ. ಈಗಾಗಲೇ ಊತ, ಡವಡವ, ಪೊಟ್ಯಾಸಿಯಂ ಕೊರತೆ ಮೂರೂ ಇರೋರಿಗೆ ಈ ಮೂರನ್ನೂ ಇನ್ನಷ್ಟು ಜಾಸ್ತಿ ಮಾಡಬಹುದಾದ ಔಷಧಿ ಅದು.

ನಮ್ಮ ಜೂನಿಯರ್ ಒಬ್ರು ಬೇರೆ ಮಾತು ಹೇಳಿದ್ರು. "ಸರ್, ಮಿನಾಕ್ಸಿಡಿಲ್ ಬೇಡ, ಸ್ಪೈರೊನೊಲ್ಯಾಕ್ಟೋನ್ ಕೊಟ್ಟುಬಿಡೋಣ, ಪೊಟ್ಯಾಸಿಯಂ ಕೂಡ ಸರಿ ಹೋಗುತ್ತೆ." ಸ್ಪೈರೊನೊಲ್ಯಾಕ್ಟೋನ್ ಅಲ್ಡೋಸ್ಟಿರೋನ್ ಕೆಲಸಕ್ಕೆ ಅಡ್ಡ ನಿಲ್ಲೋ ಔಷಧಿ, ಇದು ತೂಕ ಇರೋ ಮಾತೇ. 2015ರ ಪಾಥ್‌ವೇ-2 ಟ್ರಯಲ್‌ನಲ್ಲಿ ಮೂರು ಔಷಧಿಗೆ ಬಗ್ಗದ ಬಿಪಿಗೆ ನಾಲ್ಕನೇದಾಗಿ ಬಿಸೊಪ್ರೊಲಾಲ್, ಡಾಕ್ಸಜೋಸಿನ್‌ಗಿಂತ ಸ್ಪೈರೊನೊಲ್ಯಾಕ್ಟೋನ್ ಚೆನ್ನಾಗಿ ಕೆಲಸ ಮಾಡಿತ್ತು. ಮುಂದಿನ ತನಿಖೆಗಳ ಸೌಕರ್ಯ ಇಲ್ಲದ ಕಡೆ ನಾನೂ ಅದನ್ನೇ ಮಾಡ್ತೀನಿ, ಅದರಲ್ಲಿ ಸಂಕೋಚ ಇಲ್ಲ. ಇಲ್ಲಿ ತಡೆಹಿಡಿದಿದ್ದಕ್ಕೆ ಕಾರಣ, ಅದು ಒಂದ್ಸಲ ಶುರು ಆದ್ರೆ ಅಲ್ಡೋಸ್ಟಿರೋನ್ ಟೆಸ್ಟ್ ವಾರಗಟ್ಟಲೆ ಕಲಸಿಹೋಗುತ್ತೆ, ಮತ್ತೆ ನನಗೆ ಆ ಹಳೇ ನಾರ್ಮಲ್ ರಿಪೋರ್ಟ್ ಮೇಲೆ ನಂಬಿಕೆ ಇರ್ಲಿಲ್ಲ.

ಹಂಗಾಗಿ ಏನೂ ಸೇರಿಸದೆ, ಒಂದನ್ನ ತೆಗೀತೀವಿ ಅಂತ ತೀರ್ಮಾನ ಮಾಡಿದ್ವಿ. ಬಿಪಿ 170 ಇರೋರ ಮಾತ್ರೆ ತೆಗೆಯೋದಂದ್ರೆ ಯಾರಿಗಾದ್ರೂ ಕೈ ನಡುಗುತ್ತೆ, ಅವ್ರೂ ಕೇಳಿದ್ರು, "ಡಾಕ್ಟ್ರೇ, ಇಷ್ಟು ತಗೊಂಡ್ರೇ ಇಳೀತಿಲ್ಲ, ನೀವು ನಿಲ್ಸಿ ಅಂತಿದೀರಲ್ಲ?" ಮೊದ್ಲು 24 ಗಂಟೆ ಬಿಪಿ ಮಷಿನ್ ಹಾಕಿದ್ವಿ, ಸರಾಸರಿ 158/97, ರಾತ್ರಿ ಇಳಿಯಬೇಕಾದ ಬಿಪಿ ಇಳಿದೇ ಇಲ್ಲ, ಅಂದ್ರೆ ಇದು ಕ್ಲಿನಿಕ್ ಭಯದ ಬಿಪಿ ಅಲ್ಲ. ಮಾತ್ರೆ ಸರಿಯಾಗಿ ತಗೋತಾರೆ, ಬಿಪಿ ಏರಿಸಬಹುದಾದ ಬೇರೆ ಕಾರಣಗಳೂ ಇಲ್ಲ: ನೋವಿನ ಮಾತ್ರೆ ಇಲ್ಲ, ಗೊರಕೆ ಇಲ್ಲ, ಜೇಷ್ಠಮಧು ಇರೋ ಔಷಧಿ ಇಲ್ಲ. ಇಷ್ಟು ಖಾತ್ರಿ ಆದ್ಮೇಲೇ ಫ್ಯುರೋಸೆಮೈಡ್ ನಿಲ್ಸಿ, ಅಮ್ಲೋಡಿಪಿನ್‌ನ 5ಕ್ಕೆ ಇಳಿಸಿದ್ದು.

ಪೊಟ್ಯಾಸಿಯಂ ಏರಿಸೋದು ಅಷ್ಟು ಸಲೀಸಾಗಿರ್ಲಿಲ್ಲ. ಸಿರಪ್ ಡೋಸ್ ಏರಿಸಿದ್ರೂ 3.1ರ ಮೇಲೆ ಹೋಗ್ತಿಲ್ಲ. ಆಗ ಮೆಗ್ನೀಷಿಯಂ ನೋಡಿದ್ವಿ, ಕಮ್ಮಿ ಇತ್ತು, ಫ್ಯುರೋಸೆಮೈಡ್ ಅದನ್ನೂ ಹೊರಗೆ ಹಾಕಿತ್ತು. ಇಲ್ಲೂ ಒಂದು ಚಾನೆಲ್ ಕಥೆ ಇದೆ. ಕಿಡ್ನಿಲಿ ಪೊಟ್ಯಾಸಿಯಂನ ಮೂತ್ರಕ್ಕೆ ಬಿಡೋ ರಾಮ್ಕ್ ಅನ್ನೋ ಚಾನೆಲ್‌ಗೆ ಸೆಲ್ ಒಳಗಿನ ಮೆಗ್ನೀಷಿಯಂ ಅಡ್ಡ ನಿಂತಿರುತ್ತೆ, ಮೆಗ್ನೀಷಿಯಂ ಕಮ್ಮಿ ಆದ್ರೆ ಅಡ್ಡಿ ತೆಗೆದ ಹಾಗೆ, ಕೊಟ್ಟಷ್ಟೂ ಪೊಟ್ಯಾಸಿಯಂ ಸೋರಿಹೋಗುತ್ತೆ. ಮೆಗ್ನೀಷಿಯಂ ಸರಿ ಮಾಡಿದ್ಮೇಲೆ ಪೊಟ್ಯಾಸಿಯಂ 4.0 ದಾಟ್ತು. ಟೆಲ್ಮಿಸಾರ್ಟನ್ ಜೊತೆ ಪೊಟ್ಯಾಸಿಯಂ ಕೊಡುವಾಗ ಜಾಸ್ತಿನೂ ಆಗಬಹುದು, ಹಂಗಾಗಿ ಪದೇ ಪದೇ ರಕ್ತ ಟೆಸ್ಟ್ ಮಾಡಿಸ್ತಾ ಇದ್ವಿ, ಇದನ್ನ ಮನೇಲಿ ಕೂತು ತಾವೇ ಮಾಡ್ಕೊಳ್ಳೋ ಪ್ರಯೋಗ ಅಂತ ಯಾರೂ ತಗೋಬೇಡಿ.

ಮಾತ್ರೆ ಕಮ್ಮಿ, ಬಿಪಿ ಕಮ್ಮಿ

ಈಗ ಬಂತು ಮೊದಲ ತಿರುವು. ಒಂದು ಮಾತ್ರೆ ನಿಂತಿದೆ, ಇನ್ನೊಂದು ಅರ್ಧ ಆಗಿದೆ, ಬಿಪಿ ಏರಬೇಕಿತ್ತು. ಬದ್ಲಿಗೆ 172/104 ಇದ್ದಿದ್ದು 156/94ರ ಹತ್ರ ಬಂತು. ಊತ ಹೋಯ್ತು, ಡವಡವನೂ ಹೋಯ್ತು.

ಪುಸ್ತಕದ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತೆ. ನೆರ್ನ್‌ಸ್ಟ್ ಸೂತ್ರ (ಪೊರೆಯ ಒಳಗೆ ಹೊರಗೆ ಇರೋ ಪ್ರಮಾಣದಿಂದ ವೋಲ್ಟೇಜ್ ಲೆಕ್ಕ ಹಾಕೋದು) ಹಾಕಿದ್ರೆ ಹೊರಗಿನ ಪೊಟ್ಯಾಸಿಯಂ 4.2ರಿಂದ 2.9ಕ್ಕೆ ಇಳಿದಾಗ ಪೊಟ್ಯಾಸಿಯಂನ ಸಮತೋಲನ ವೋಲ್ಟೇಜ್ ಸುಮಾರು 10 ಮಿಲಿವೋಲ್ಟ್ ಇನ್ನೂ ಮೈನಸ್ ಆಗುತ್ತೆ, ಅಂದ್ರೆ ನಾಳ ಸಡಿಲ ಆಗಬೇಕು. ಆಗಲ್ಲ. ಯಾಕಂದ್ರೆ ಸಣ್ಣ ನಾಳದ ಸ್ಮೂತ್ ಮಸಲ್‌ನಲ್ಲಿ ಕೆಐಆರ್ 2.1 ಅಂತ ಒಂದು ಚಾನೆಲ್ ಇದೆ, ಅದು ಹೊರಗೆ ಪೊಟ್ಯಾಸಿಯಂ ಇದ್ದಷ್ಟೂ ಚೆನ್ನಾಗಿ ಹರಿಸುತ್ತೆ, ಹೊರಗೆ ಕಮ್ಮಿ ಆದ್ರೆ ತಾನೇ ಮಂಕಾಗುತ್ತೆ. ಜೊತೆಗೆ ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳಗೆ ತರೋ ಪಂಪ್‌ಗೂ ಹೊರಗಿನ ಪೊಟ್ಯಾಸಿಯಂ ಬೇಕು, ಅದೂ ನಿಧಾನ ಆಗುತ್ತೆ. ಮೈನಸ್ ಕಡೆ ಎಳೆಯೋ ಎರಡು ಕೈ ಒಟ್ಟಿಗೆ ಸೋಲ್ತವೆ, ವೋಲ್ಟೇಜ್ ಸೊನ್ನೆ ಕಡೆ ಜಾರುತ್ತೆ, ಎಲ್-ಟೈಪ್ ತೆರೆಯುತ್ತೆ, ನಾಳ ಬಿಗಿ ಆಗುತ್ತೆ. ಅಂದ್ರೆ ಅಮ್ಲೋಡಿಪಿನ್ ಯಾವ ಚಾನೆಲ್‌ನ ಮುಚ್ಚೋಕೆ ನೋಡ್ತಿತ್ತೋ ಅದನ್ನೇ ಪೊಟ್ಯಾಸಿಯಂ ಕೊರತೆ ಇನ್ನೊಂದು ಕಡೆಯಿಂದ ತೆರೀತಿತ್ತು, ಮತ್ತೆ ಆ ಕೊರತೆಗೆ ಒಂದು ಕಾರಣ ಅಮ್ಲೋಡಿಪಿನ್‌ನ ಊತಕ್ಕೆ ಕೊಟ್ಟ ಮಾತ್ರೆ.

ಬಿಪಿ ಇಳಿದಿದ್ದೆಲ್ಲ ನಾಳದ ಗೋಡೆಯಿಂದಲೇ ಅಂತ ನಾನು ಹೇಳಲ್ಲ. ಪೊಟ್ಯಾಸಿಯಂ ಕಮ್ಮಿ ಆದಾಗ ಕಿಡ್ನಿಲಿ ಕೆಐಆರ್ 4.1 ಮತ್ತೆ 5.1 ಜೋಡಿ ಚಾನೆಲ್ ಅದನ್ನ ಗುರುತಿಸಿ, ಡಬ್ಲ್ಯುಎನ್‌ಕೆ ಅನ್ನೋ ಎಂಜೈಮ್‌ಗಳ ಮೂಲಕ ಸೋಡಿಯಂ-ಕ್ಲೋರೈಡ್ ಹೀರ್ಕೊಳ್ಳೋ ಟ್ರಾನ್ಸ್‌ಪೋರ್ಟರ್‌ನ ಜೋರು ಮಾಡುತ್ತೆ, ಉಪ್ಪು ಮೈಯಲ್ಲೇ ಉಳಿಯುತ್ತೆ. ಇವರಲ್ಲಿ ಎಷ್ಟು ಪಾಲು ನಾಳದ್ದು, ಎಷ್ಟು ಕಿಡ್ನಿದು ಅಂತ ಒಬ್ಬ ಪೇಶೆಂಟ್ ಇಟ್ಕೊಂಡು ಬೇರೆ ಮಾಡೋಕಾಗಲ್ಲ. ಎರಡೂ ಒಂದೇ ದಿಕ್ಕಿಗೆ ತಳ್ತಿದ್ವು ಅಷ್ಟೇ.

ಆದ್ರೆ ಫ್ಯುರೋಸೆಮೈಡ್ ನಿಂತು ವಾರಗಳಾದ್ರೂ ಪೊಟ್ಯಾಸಿಯಂ ಸಿರಪ್ ಇಳಿಸೋಕೆ ಹೋದ್ರೆ ಸಾಕು, ರಿಪೋರ್ಟ್ ಮತ್ತೆ 3.3. ಯಾರೋ ಇನ್ನೂ ಸೋರಿಸ್ತಿದಾರೆ ಅಂತಾಯ್ತು.

ಹಳೇ ರಿಪೋರ್ಟ್‌ನ ಮತ್ತೆ ಓದಿದ್ದು

ಆಗ ಆ ಹಳೇ ನಾರ್ಮಲ್ ರಿಪೋರ್ಟ್ ತೆಗೆದು ಟೇಬಲ್ ಮೇಲೆ ಇಟ್ವಿ. ಅಲ್ಡೋಸ್ಟಿರೋನ್ 11, ರೆನಿನ್ ಆಕ್ಟಿವಿಟಿ 0.5, ರೇಶಿಯೋ 22, ಲ್ಯಾಬ್‌ನ ಗೆರೆ 30, ಹಂಗಾಗಿ ನಾರ್ಮಲ್. ಜೂನಿಯರ್ ರೇಶಿಯೋ ಬಿಟ್ಟು ರೆನಿನ್ ಮೇಲೆ ಬೆರಳಿಟ್ರು, "ಟೆಲ್ಮಿಸಾರ್ಟನ್, ಫ್ಯುರೋಸೆಮೈಡ್ ಎರಡೂ ತಗೊಳ್ತಿದ್ದೋರಿಗೆ ರೆನಿನ್ ಏರಿರಬೇಕಲ್ವಾ ಸರ್, ಇದು ನೆಲ ಕಚ್ಚಿದೆ." ನಿಜ. ಆ ಎರಡು ಔಷಧಿ ಇದ್ದೂ ರೆನಿನ್ ಅಡಗಿದ್ರೆ ಎಲ್ಲಿಂದಲೋ ಅಲ್ಡೋಸ್ಟಿರೋನ್ ತನ್ನ ಪಾಡಿಗೆ ತಾನು ಬರ್ತಿದೆ ಅನ್ನೋಕೆ ಬಲವಾದ ಸುಳಿವು. ಮೆಟೊಪ್ರೊಲಾಲ್ ಕೂಡ ರೆನಿನ್ ಇಳಿಸುತ್ತೆ, ಅದೊಂದು ತಕರಾರು ಬಾಕಿ ಇತ್ತು.

ನನಗೆ ಅದಕ್ಕಿಂತ ಮುಖ್ಯ ಅನ್ಸಿದ್ದು ಟೆಸ್ಟ್ ಕೊಟ್ಟ ದಿನದ ಪೊಟ್ಯಾಸಿಯಂ, ಅದೇ 2.9. ಅಡ್ರಿನಲ್ ಗ್ರಂಥಿಯ ಹೊರಪದರದಲ್ಲಿ ಅಲ್ಡೋಸ್ಟಿರೋನ್ ಮಾಡೋ ಸೆಲ್‌ಗಳ ಪೊರೆಲಿ ಹೆಚ್ಚುಕಮ್ಮಿ ಪೊಟ್ಯಾಸಿಯಂ ಚಾನೆಲ್‌ಗಳದ್ದೇ ರಾಜ್ಯ, ಆ ಸೆಲ್ ನೆರ್ನ್‌ಸ್ಟ್ ಸೂತ್ರ ಹೇಳಿದ ಹಾಗೆ ಕೇಳುತ್ತೆ: ಹೊರಗೆ ಪೊಟ್ಯಾಸಿಯಂ ಏರಿದ್ರೆ ಡಿಪೋಲರೈಸ್ ಆಗಿ ಕ್ಯಾಲ್ಸಿಯಂ ಬಂದು ಅಲ್ಡೋಸ್ಟಿರೋನ್ ಸುರಿಯುತ್ತೆ, ಇಳಿದ್ರೆ ಮೈನಸ್ ಕಡೆ ಹೋಗಿ ತೆಪ್ಪಗಾಗುತ್ತೆ. ನಾಳದ ಗೋಡೆಲಿ ಆಗಿದ್ದಕ್ಕೆ ತದ್ವಿರುದ್ಧ. ಒಂದೇ ಕೊರತೆ ನಾಳನ ಬಿಗಿ ಮಾಡಿ ಬಿಪಿ ಏರಿಸ್ತು, ಅಡ್ರಿನಲ್‌ನ ಸುಮ್ಮನಾಗಿಸಿ ಬಿಪಿಯ ಕಾರಣನ ರಿಪೋರ್ಟಿಂದ ಮರೆ ಮಾಡ್ತು. 2.9 ಪೊಟ್ಯಾಸಿಯಂ ಇರುವಾಗ ಅಲ್ಡೋಸ್ಟಿರೋನ್ 11 ಅನ್ನೋದು ನಾರ್ಮಲ್ ಹೇಗಾಗುತ್ತೆ, ಆಗ ಅದು ತೀರಾ ಕೆಳಗಿರಬೇಕಿತ್ತು. ಈ ಕೇಸ್ ಬರೆಯೋಕೆ ಕೂತಿದ್ದೇ ಈ ಒಂದು ವಿಷಯಕ್ಕೆ.

ಈಗ ಟೆಸ್ಟ್ ಮತ್ತೆ ಮಾಡ್ಬೇಕು. ಇತ್ತೀಚೆಗೆ, 2025ರ ಎಂಡೊಕ್ರೈನ್ ಸೊಸೈಟಿ ಮಾರ್ಗಸೂಚಿ ಬಂದ ಮೇಲಂತೂ, ಔಷಧಿ ನಿಲ್ಲಿಸದೇ ಮೊದಲ ಟೆಸ್ಟ್ ಮಾಡಿ, ಬಿಪಿ ಇರೋ ಎಲ್ಲರಿಗೂ ಮಾಡಿ ಅನ್ನೋ ಕಡೆಗೇ ವಾಲಿದೆ, ನನಗೂ ಅದು ಸರಿ ಅನ್ಸುತ್ತೆ. ಆದ್ರೆ ಇವರ ವಿಷಯದಲ್ಲಿ ಔಷಧಿ ಇದ್ದ ಟೆಸ್ಟ್ ಆಗಲೇ ಒಮ್ಮೆ ಗೊಂದಲ ಮಾಡಿಟ್ಟಿತ್ತು, ಆಪರೇಷನ್ ತನಕ ಹೋಗಬಹುದಾದ ದಾರಿ ಬೇರೆ, ಹಂಗಾಗಿ ಶುದ್ಧವಾಗೇ ಮಾಡೋಣ, ಟೆಸ್ಟ್ ಕೆಡಿಸೋ ಔಷಧಿ ತೆಗೆದು ಅಷ್ಟಾಗಿ ಕೆಡಿಸದ್ದನ್ನ ಕೊಡೋಣ ಅಂತ ಆಯ್ತು. ಮೆಟೊಪ್ರೊಲಾಲ್ ನಿಧಾನವಾಗಿ ಇಳಿಸಿ ಪೂರ್ತಿ ನಿಂತ ಮೇಲೇ ವೆರಪಮಿಲ್ ಶುರು ಮಾಡಿದ್ದು, ಎರಡೂ ಒಟ್ಟಿಗೆ ಬಿದ್ರೆ ಹೃದಯದ ಬಡಿತ ಅಪಾಯಕ್ಕೆ ಇಳಿಯಬಹುದು, ಆ ಆತುರ ಯಾರೂ ಮಾಡಬಾರ್ದು. ಅಮ್ಲೋಡಿಪಿನ್, ಟೆಲ್ಮಿಸಾರ್ಟನ್ ನಿಲ್ಸಿ ಜೊತೆಗೆ ಡಾಕ್ಸಜೋಸಿನ್, ಅದನ್ನ ರಾತ್ರಿ ಮಲಗುವಾಗ, ಮೊದಲ ಡೋಸ್‌ಗೆ ತಲೆ ಸುತ್ತಿ ಬೀಳ್ತಾರೆ ಅಂತ. ವೆರಪಮಿಲ್‌ಗೆ ಮಲಬದ್ಧತೆ ಬಂತು, ಕರುಳಿನ ಸ್ಮೂತ್ ಮಸಲ್‌ನಲ್ಲೂ ಅದೇ ಎಲ್-ಟೈಪ್ ಚಾನೆಲ್ ಇರೋದು, ಹೊಟ್ಟೆ ಬೇರೆ, ನಾಳ ಬೇರೆ ಅಂತ ಔಷಧಿಗೆ ಗೊತ್ತಾಗಲ್ಲ.

ಪೊಟ್ಯಾಸಿಯಂ 4.2 ಇದ್ದ ಬೆಳಗ್ಗೆ ತೆಗೆದ ರಕ್ತದಲ್ಲಿ ಅಲ್ಡೋಸ್ಟಿರೋನ್ 34, ರೆನಿನ್ ಆಕ್ಟಿವಿಟಿ 0.2, ರೇಶಿಯೋ 170. ಅದೇ ಹೆಂಗಸು, ಅದೇ ಗ್ರಂಥಿ. 4 ಗಂಟೆಲಿ 2 ಲೀಟರ್ ಸಲೈನ್ ಹಾಕಿದ್ಮೇಲೂ ಅಲ್ಡೋಸ್ಟಿರೋನ್ 21, ಅಷ್ಟು ಉಪ್ಪುನೀರಿಗೆ ಅಡಗಬೇಕಿದ್ದಿದ್ದು ಅಡಗಲೇ ಇಲ್ಲ. ಜೆರೋಮ್ ಕಾನ್ 1955ರಲ್ಲಿ ವಿವರಿಸಿದ ಪ್ರೈಮರಿ ಅಲ್ಡೋಸ್ಟಿರೋನಿಸಂ, ಅಂದ್ರೆ ಯಾರೂ ಕೇಳದೇನೇ ಅಡ್ರಿನಲ್ ಅಲ್ಡೋಸ್ಟಿರೋನ್ ಸುರಿಸೋ ಕಾಯಿಲೆ, ಕಾನ್ಸ್ ಸಿಂಡ್ರೋಮ್ ಅಂತ ಹಳಬರು ಹೇಳೋದು.

ಸಿಟಿ ಸ್ಕ್ಯಾನಲ್ಲಿ ಎಡ ಅಡ್ರಿನಲ್‌ನಲ್ಲಿ 14 ಮಿಲಿಮೀಟರ್ ಗಂಟು ಕಾಣ್ತು. ಮನೆಯವರಿಗೆ ಅಲ್ಲಿಗೇ ಸಮಾಧಾನ ಆಗಿತ್ತು, ಗಂಟು ಸಿಕ್ತಲ್ಲ ತೆಗೆದುಬಿಡಿ ಅಂದ್ರು. ನಲವತ್ತು ದಾಟಿದವರಲ್ಲಿ ಏನೂ ಮಾಡದ ಗಂಟುಗಳೂ ಅಡ್ರಿನಲ್‌ನಲ್ಲಿ ಇರ್ತವೆ, ಸ್ಕ್ಯಾನ್ ನಂಬಿ ತಪ್ಪು ಕಡೆ ತೆಗೆದ್ರೆ ವಾಪಸ್ ಇಡೋಕಾಗಲ್ಲ. ಹಂಗಾಗಿ ಎರಡೂ ಅಡ್ರಿನಲ್ ವೇನ್‌ಗಳಿಂದ ರಕ್ತ ತೆಗೆದು ಹೋಲಿಸೋ ಟೆಸ್ಟ್ ಮಾಡ್ಸಿದ್ವಿ. ಬಲಗಡೆ ವೇನ್ ತುಂಬಾ ಗಿಡ್ಡ, ನೇರವಾಗಿ ದೊಡ್ಡ ವೇನಾ ಕಾವಾಗೇ ಸೇರುತ್ತೆ, ಪಳಗಿದ ಕೈ ಬೇಕು. ಸುರಿತಾ ಇದ್ದಿದ್ದು ಎಡಗಡೆದೇ, ಬಲಗಡೆ ಅಡಗಿತ್ತು.

ಗ್ರಂಥಿ ಹೋದ ಮೇಲೆ ನಾಳ

ಲ್ಯಾಪರೋಸ್ಕೋಪಿಲಿ ಎಡ ಅಡ್ರಿನಲ್ ತೆಗೆದ್ರು. ಪೊಟ್ಯಾಸಿಯಂ ಸಿರಪ್ ಅವತ್ತೇ ನಿಂತ್ಹೋಯ್ತು, ನಿಲ್ಲಿಸದಿದ್ರೆ ಉಲ್ಟಾ ಜಾಸ್ತಿ ಆಗೋ ಭಯ, ಯಾಕಂದ್ರೆ ಇಷ್ಟು ವರ್ಷ ಮಲಗಿದ್ದ ಬಲ ಗ್ರಂಥಿ ಎದ್ದೇಳೋಕೆ ಸಮಯ ಬೇಕು. ಗಡ್ಡೆಯ ತುಂಡಲ್ಲಿ ಜೀನ್ ಟೆಸ್ಟ್ ಮಾಡಿದಾಗ ಕೆಸಿಎನ್‌ಜೆ5 ಜೀನ್‌ನಲ್ಲಿ ಬದಲಾವಣೆ ಸಿಕ್ತು. ಇಂಥ ಗಡ್ಡೆಗಳಲ್ಲಿ ಈ ಜೀನ್ ಕೆಟ್ಟಿರುತ್ತೆ ಅಂತ 2011ರಲ್ಲಿ ರಿಚರ್ಡ್ ಲಿಫ್ಟನ್ ಗುಂಪು ಕಂಡುಹಿಡಿದಿತ್ತು, ಹೆಂಗಸರಲ್ಲಿ ಇದು ಹೆಚ್ಚು. ಇದು ಪೊಟ್ಯಾಸಿಯಂ ಮಾತ್ರ ಬಿಡಬೇಕಾದ ಚಾನೆಲ್‌ನ ಜೀನ್, ಜರಡಿ ಭಾಗ ಕೆಟ್ಟು ಸೋಡಿಯಂ ಒಳಗೆ ನುಗ್ಗುತ್ತೆ, ಸೆಲ್ ಸದಾ ಡಿಪೋಲರೈಸ್, ಕ್ಯಾಲ್ಸಿಯಂ ಒಳಗೆ, ಅಲ್ಡೋಸ್ಟಿರೋನ್ ಹೊರಗೆ. ಅಂದ್ರೆ ಗ್ರಂಥಿಯ ಒಂದು ಪೊಟ್ಯಾಸಿಯಂ ಚಾನೆಲ್ ಕೆಟ್ಟು, ಕಿಡ್ನಿಯ ಇನ್ನೊಂದು ಪೊಟ್ಯಾಸಿಯಂ ಚಾನೆಲ್ಲಿಂದ ಪೊಟ್ಯಾಸಿಯಂ ಸೋರಿ, ನಾಳದ ಮತ್ತೊಂದು ಪೊಟ್ಯಾಸಿಯಂ ಚಾನೆಲ್ ಮಂಕಾಗಿತ್ತು.

ಎಲ್ರೂ ಕಾಯ್ತಿದ್ದಿದ್ದು ಬಿಪಿ ಪೂರ್ತಿ ನಾರ್ಮಲ್ ಆಗುತ್ತೆ ಅಂತ. ಆಗ್ಲಿಲ್ಲ. ರಕ್ತದ ಲೆಕ್ಕದಲ್ಲಿ ಕಾಯಿಲೆ ಪೂರ್ತಿ ವಾಸಿ, ಅಲ್ಡೋಸ್ಟಿರೋನ್, ರೆನಿನ್, ಪೊಟ್ಯಾಸಿಯಂ ಎಲ್ಲ ಸರಿ, ಆದ್ರೆ ಬಿಪಿ ಔಷಧಿ ಇಲ್ಲದೆ 146/90ರಲ್ಲಿ ನಿಂತ್ಬಿಡ್ತು. ಅವ್ರಿಗೆ ಬೇಜಾರಾಗಿದ್ದು ಸಹಜ, ಆಪರೇಷನ್ ಮಾಡ್ಸಿದ್ದು ಯಾಕೆ ಹಾಗಾದ್ರೆ ಅಂತ ಕೇಳಿದ್ರು. ವರ್ಷಗಟ್ಟಲೆ ಒತ್ತಡ ತಡೆದ ನಾಳ ರಾತ್ರೋರಾತ್ರಿ ಬದಲಾಗಲ್ಲ, ಗೋಡೆ ದಪ್ಪ ಆಗಿರುತ್ತೆ, ಒಳಗಿನ ದಾರಿ ಕಿರಿದಾಗಿರುತ್ತೆ. ಚಾನೆಲ್‌ಗಳ ಲೆಕ್ಕವೂ ಬದಲಾಗಿರುತ್ತೆ, ಮೇಲೆ ಹೇಳಿದ ಬಿಕೆಯ ಬೀಟಾ-1 ಭಾಗ ಆಂಜಿಯೋಟೆನ್ಸಿನ್ (ನಾಳ ಬಿಗಿ ಮಾಡೋ ಹಾರ್ಮೋನ್) ಕೊಟ್ಟು ಬಿಪಿ ಏರಿಸಿದ ಪ್ರಾಣಿಗಳ ನಾಳದಲ್ಲಿ ಕಮ್ಮಿ ಆಗಿರೋದು ಕಂಡಿದೆ. ಅಲ್ಡೋಸ್ಟಿರೋನ್ ಕಿಡ್ನಿಲಿ ಮಾತ್ರ ಆಟ ಆಡೋದೂ ಅಲ್ಲ, ಸ್ಮೂತ್ ಮಸಲ್‌ನಲ್ಲೂ ಅದರ ರಿಸೆಪ್ಟರ್ ಇದೆ, ಇಲಿಗಳ ಸ್ಮೂತ್ ಮಸಲ್‌ನಿಂದ ಮಾತ್ರ ಆ ರಿಸೆಪ್ಟರ್ ತೆಗೆದಾಗ ಎಲ್-ಟೈಪ್ ಚಾನೆಲ್‌ನ ಚಟುವಟಿಕೆ ಕಮ್ಮಿ ಆಗಿ, ವಯಸ್ಸಾದಾಗ ಏರೋ ಬಿಪಿ ಏರ್ಲಿಲ್ಲ ಅಂತ 2012ರ ಕೆಲಸ ಒಂದಿದೆ. ನಾಳದ ಒಳಪದರದ ಎಂಡೋಥೀಲಿಯಂ ಸೆಲ್‌ಗಳ ಸೋಡಿಯಂ ಚಾನೆಲ್‌ನೂ ಅದು ಜಾಸ್ತಿ ಮಾಡುತ್ತೆ, ಆ ಸೆಲ್‌ಗಳು ಗಡುಸಾಗಿ ನೈಟ್ರಿಕ್ ಆಕ್ಸೈಡ್ ಕಮ್ಮಿ ಬಿಡ್ತವೆ.

ಇಲ್ಲಿ ಮತ್ತೆ ಒಂದು ಆಯ್ಕೆ. ಸುಮ್ನೆ ಕಾದು ನೋಡಬಹುದಿತ್ತು, ಇಲ್ಲ ಔಷಧಿ ಕೊಡಬಹುದಿತ್ತು. ಅಮ್ಲೋಡಿಪಿನ್ 5 ಎಂಜಿನೇ ಮತ್ತೆ ಕೊಟ್ವಿ, ಅವ್ರು ಹೆದರಿದ್ರು, "ಅದೇ ಕಾಲು ಊದ್ಸಿದ ಮಾತ್ರೆ ಅಲ್ವಾ ಡಾಕ್ಟ್ರೇ" ಅಂತ. ಊತ ಡೋಸ್ ಜಾಸ್ತಿ ಆದಷ್ಟೂ ಬರೋದು, 5ರಲ್ಲಿ ಮೊದ್ಲೂ ಇರ್ಲಿಲ್ಲ ಅಂತ ಹಳೇ ಚೀಟಿ ತೋರ್ಸಿದ್ಮೇಲೆ ಒಪ್ಕೊಂಡ್ರು. ಹಿಂದೆ 10 ಎಂಜಿ ಇನ್ನೂ ಮೂರು ಔಷಧಿ ಜೊತೆ ಸೇರಿ ಮಾಡೋಕಾಗದ ಕೆಲಸನ ಈಗ 5 ಎಂಜಿ ಒಂದೇ ಮಾಡ್ತು, 128/82. ಔಷಧಿ ಬದಲಾಗಿಲ್ಲ, ಚಾನೆಲ್ ಅದೇ, ಆದ್ರೆ ಅದನ್ನ ಆ ಕಡೆಯಿಂದ ತಳ್ತಿದ್ದ ಕೈ ಇಲ್ಲ.

ಆಪರೇಷನ್ ಆದ್ಮೇಲೆ ಕ್ರಿಯಾಟಿನಿನ್ (ಕಿಡ್ನಿ ಸೋಸೋದು ಕಮ್ಮಿ ಆದ್ರೆ ರಕ್ತದಲ್ಲಿ ಏರೋ ಅಂಶ) ಸ್ವಲ್ಪ ಏರಿದ್ದು ನೋಡಿ ಇನ್ನೊಂದು ಕಡೆ ಗಾಬರಿ ಮಾಡಿದ್ರಂತೆ. ಅಲ್ಡೋಸ್ಟಿರೋನ್ ಜಾಸ್ತಿ ಇದ್ದಾಗ ಕಿಡ್ನಿ ಅಗತ್ಯಕ್ಕಿಂತ ಜಾಸ್ತಿ ಸೋಸ್ತಾ ಇರುತ್ತೆ, ಅದು ನಿಂತಾಗ ನಿಜವಾದ ಮಟ್ಟ ಕಾಣುತ್ತೆ, ಹೊಸ ಡ್ಯಾಮೇಜ್ ಅಲ್ಲ. ಅದು ಅಲ್ಲೇ ಸ್ಥಿರ ಆಗಿದೆ.

ಕೊನೇ ಸಲ ಹಾಕಿದ 24 ಗಂಟೆ ಮಷಿನ್‌ನಲ್ಲಿ ರಾತ್ರಿ ಬಿಪಿ ಇಳಿಯೋದು ಶುರು ಆಗಿದೆ. ಅಮ್ಲೋಡಿಪಿನ್ ಪೂರ್ತಿ ನಿಲ್ಸೋಣ ಅಂತ ಅವ್ರು ಕೇಳ್ತಿದಾರೆ, 2.5ಕ್ಕೆ ಇಳಿಸಿ ನೋಡೋಣ ಅಂತ ನಾನು, ಅಲ್ಲಿಗೆ ಸದ್ಯಕ್ಕೆ ನಿಂತಿದೆ. ಡಿಸ್ಚಾರ್ಜ್ ಸಮ್ಮರಿ ಮೇಲೆ ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿ ಹಾಕ್ಸಿದೀವಿ: ಮುಂದೆ ಯಾರಾದ್ರೂ ಕಾಲು ಊತಕ್ಕೆ ಡೈಯುರೆಟಿಕ್ ಬರೆಯೋ ಮುಂಚೆ ಅಮ್ಲೋಡಿಪಿನ್ ಡೋಸ್ ನೋಡಿ, ಬರೆದ್ರೆ ಪೊಟ್ಯಾಸಿಯಂ ಜೊತೆ ಮೆಗ್ನೀಷಿಯಂ ಕೂಡ ಚೆಕ್ ಮಾಡಿ.